ರಬ್ಬರು ಮತ್ತು ಪೀಡನವಿದ್ಯುತ್ ಚಾಲಕ: ಸಕ್ರಿಯ ಕಂಪನನಿರೋಧಕ ಪೀಠಗಳ ತತ್ತ್ವ

ಭೂಮಿಗೆ ‘ಅಚಲಾ’, ‘ಸ್ಥಿರಾ’ ಎಂಬ ಪರ್ಯಾಯನಾಮಗಳನ್ನು ಅಮರಕೋಶವು ಹೇಳುತ್ತದೆ. ನಿತ್ಯವ್ಯವಹಾರಕ್ಕೆ ಈ ಹೆಸರುಗಳು ಒಪ್ಪುವುವಾದರೂ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಪ್ಪಲಾರವು. ನಾವು ನಿಂತ ನೆಲವು ಹಗಲಿರುಳೂ ಕಂಪಿಸುತ್ತಲೇ ಇರುತ್ತದೆ. ಸಮುದ್ರದ ಅಲೆಗಳಿಂದ ಹುಟ್ಟಿ, ಐದಾರು ಸೆಕೆಂಡುಗಳಿಗೊಮ್ಮೆ ಏರಿಳಿಯುವ ಮಂದಕಂಪನವೊಂದು ಕರಾವಳಿಯಿಂದ ನೂರಾರು ಮೈಲಿ ಒಳಗಿರುವ ಊರುಗಳಲ್ಲಿಯೂ ಕಾಣಬರುತ್ತದೆ. ರಸ್ತೆಯ ಮೇಲೆ ಲಾರಿಯೊಂದು ಸಾಗಿದರೆ ಸೆಕೆಂಡಿಗೆ ಐದರಿಂದ ಇಪ್ಪತ್ತೈದರವರೆಗಿನ ಆವೃತ್ತಿಯ ಕಂಪನಗಳು ಕಟ್ಟಡವನ್ನು ಹೊಗುತ್ತವೆ. ೫೦ ಹರ್ಟ್ಸ್ ವಿದ್ಯುತ್ತಿನಿಂದ ನಡೆಯುವ ನಾಲ್ಕು ಧ್ರುವಗಳ ಮೋಟಾರು ಸೆಕೆಂಡಿಗೆ ೨೫ಕ್ಕಿಂತ ತುಸು ಕಡಮೆ ಸುತ್ತು ತಿರುಗುತ್ತದೆ; ಅದು ಪಂಪಿನದಾಗಲಿ ಹವಾನಿಯಂತ್ರಕದ್ದಾಗಲಿ, ಆ ಲಯವನ್ನು ನೆಲಕ್ಕೆ ಕೊಡದೆ ಇರದು.

ಈ ಚಲನೆಗಳು ಬಹು ಅಲ್ಪವಾದುವು. ಶಾಂತವಾದ ಕೊಠಡಿಯಲ್ಲಿ ಒಂದು ಮೈಕ್ರೋಮೀಟರಿನ ಅಂಶಮಾತ್ರವಾದುವು. ಮನುಷ್ಯನ ಅಂಗಾಲಿಗೆ ಅವು ತಿಳಿಯುವುದೂ ಇಲ್ಲ. ಆದರೆ ಇಂದಿನ ಉತ್ತಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಒಂದು ನ್ಯಾನೊಮೀಟರಿನ ಹತ್ತನೆಯ ಒಂದು ಪಾಲನ್ನು ಬಿಡಿಸಿ ತೋರಿಸಬಲ್ಲದು. ಇಂತಹ ಉಪಕರಣಗಳನ್ನಿರಿಸುವ ನೆಲ ಎಷ್ಟು ಶಾಂತವಾಗಿರಬೇಕೆಂಬುದಕ್ಕೆ ಎರಿಕ್ ಉಂಗರ್ ಮತ್ತು ಕಾಲಿನ್ ಗಾರ್ಡನ್ ಎಂಬ ತಜ್ಞರು ೧೯೮೦ರ ದಶಕದಲ್ಲಿ ಒಂದು ವರ್ಗೀಕರಣವನ್ನು ರೂಪಿಸಿದರು. ಅದರಲ್ಲಿ ಬಹು ಕಟ್ಟುನಿಟ್ಟಾದ ‘ಇ’ ವರ್ಗದ ನೆಲದ ವೇಗವು ಸೆಕೆಂಡಿಗೆ ೩ ಮೈಕ್ರೋಮೀಟರನ್ನು ಮೀರಬಾರದು. ಹತ್ತು ಹರ್ಟ್ಸ್ ಆವೃತ್ತಿಯಲ್ಲಿ ಇದು ಸುಮಾರು ೫೦ ನ್ಯಾನೊಮೀಟರ್ ಸ್ಥಾನಪಲ್ಲಟಕ್ಕೆ ಸಮ. ಎಂದರೆ, ಅತಿ ಶಾಂತವೆನಿಸಿಕೊಂಡ ನೆಲವೂ ಸೂಕ್ಷ್ಮದರ್ಶಕವು ಕಾಣಬೇಕಾದ ಅಂತರದ ಐನೂರು ಪಟ್ಟು ಅಲುಗುತ್ತಿರುತ್ತದೆ. ಉಪಕರಣದ ಎಲ್ಲ ಭಾಗಗಳೂ ಒಟ್ಟಾಗಿ ಅಲುಗಿದರೆ ಕೇಡಿಲ್ಲ. ಒಂದು ಭಾಗ ಇನ್ನೊಂದರಿಂದ ಹಿಂದುಳಿದಾಗಲೇ ಚಿತ್ರವು ಕದಡುತ್ತದೆ. ಆದರೂ ಈ ಕದಡುವಿಕೆಗೆ ಮೂಲ ನೆಲದ ಚಲನೆಯೇ. ಅದನ್ನು ಉಪಕರಣಕ್ಕೆ ತಲಪದಂತೆ ತಡೆಯುವ ಬಗೆ ಹೇಗೆ? ಈ ಪ್ರಶ್ನೆಗೆ ರಬ್ಬರು ಕೊಡುವ ಉತ್ತರವೊಂದು, ಪೀಡನವಿದ್ಯುತ್ ಪಿಂಗಾಣಿಯು ಕೊಡುವ ಉತ್ತರ ಇನ್ನೊಂದು. ಎರಡೂ ಬೇರೆಬೇರೆಯಾಗಿ ಅಪೂರ್ಣ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ರಬ್ಬರಿನ ಶಕ್ತಿ ಮತ್ತು ಮಿತಿ

ಪ್ರೇರಿತ ಕಂಪನದ ಪಾಠವನ್ನು ಪದವಿ ತರಗತಿಯ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಮೆತ್ತನೆಯ ಆಧಾರದ ಮೇಲೆ ಭಾರವೊಂದನ್ನು ಇಟ್ಟರೆ ಆ ಜೋಡಿಗೆ ಒಂದು ಸಹಜ ಆವೃತ್ತಿಯುಂಟಾಗುತ್ತದೆ. ನೆಲವು ಅದಕ್ಕಿಂತ ಬಹು ನಿಧಾನವಾಗಿ ಅಲುಗಿದರೆ ಭಾರವೂ ನೆಲದೊಡನೆ ಅಷ್ಟೇ ಅಲುಗುತ್ತದೆ. ಸಹಜ ಆವೃತ್ತಿಯ ಸಮೀಪದಲ್ಲಿ ಅನುರಣನೆಯಾಗಿ ಚಲನೆ ಹೆಚ್ಚುತ್ತದೆ. ನೆಲದ ಆವೃತ್ತಿಯು ಸಹಜ ಆವೃತ್ತಿಯ ೧.೪೧ ಪಟ್ಟನ್ನು, ಎಂದರೆ ಎರಡರ ವರ್ಗಮೂಲದಷ್ಟನ್ನು, ದಾಟಿದ ಮೇಲೆಯೇ ರಕ್ಷಣೆ ಆರಂಭವಾಗುವುದು. ಆದುದರಿಂದ ಕೆಳಗಿನ ಆವೃತ್ತಿಗಳನ್ನು ತಡೆಯಬೇಕಾದರೆ ಆಧಾರವು ಬಹಳ ಮೆದುವಾಗಿರಬೇಕು.

ಎಷ್ಟು ಮೆದುವಾಗಿರಬೇಕು ಎಂಬುದನ್ನು ಸುಲಭವಾಗಿ ಲೆಕ್ಕಹಾಕಬಹುದು. ಭಾರವನ್ನಿಟ್ಟಾಗ ಆಧಾರವು ಎಷ್ಟು ಮಿಲಿಮೀಟರ್ ತಗ್ಗುವುದೋ ಆ ಸಂಖ್ಯೆಯ ವರ್ಗಮೂಲದಿಂದ ೧೫.೮ನ್ನು ಭಾಗಿಸಿದರೆ ಸಹಜ ಆವೃತ್ತಿಯು ಹರ್ಟ್ಸ್‌ಗಳಲ್ಲಿ ದೊರೆಯುತ್ತದೆ. ಭಾರ ಎಷ್ಟೆಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಸಹಜ ಆವೃತ್ತಿ ೫ ಹರ್ಟ್ಸ್ ಆಗಬೇಕಾದರೆ ತಗ್ಗು ೧೦ ಮಿಲಿಮೀಟರ್. ೧ ಹರ್ಟ್ಸ್ ಆಗಬೇಕಾದರೆ ೨೫೦ ಮಿಲಿಮೀಟರ್. ಕಾಲು ಮೀಟರು ಕುಸಿಯುವ ರಬ್ಬರಿನ ಮೇಲೆ ಸೂಕ್ಷ್ಮದರ್ಶಕವನ್ನು ಇರಿಸಲಾದೀತೆ? ಅದು ವಾಲುತ್ತದೆ, ಮುಟ್ಟಿದರೆ ತೂಗಾಡುತ್ತದೆ, ದಿನಗಳು ಕಳೆದಂತೆ ಇನ್ನೂ ಕುಸಿಯುತ್ತದೆ.

ಎರಡನೆಯ ತೊಡಕು ಅವಮಂದನದ್ದು. ಅನುರಣನೆಯನ್ನು ಅಡಗಿಸಲು ಅವಮಂದನವನ್ನು ಹೆಚ್ಚಿಸಬೇಕೆಂದು ತೋರುವುದು ಸಹಜ. ಆದರೆ ಅವಮಂದಕದ ಒಂದು ತುದಿ ಕಂಪಿಸುವ ನೆಲಕ್ಕೇ ಕಟ್ಟಿರುತ್ತದೆ; ಅದು ವೇಗವಾದ ಕಂಪನಗಳನ್ನು ತನ್ನ ಮೂಲಕವೇ ಮೇಲಕ್ಕೆ ಸಾಗಿಸುತ್ತದೆ. ಅವಮಂದನದ ಅನುಪಾತ ೦.೦೫ ಇರುವಾಗ ಅನುರಣನೆಯಲ್ಲಿ ಚಲನೆ ಹತ್ತು ಪಟ್ಟಾಗುತ್ತದೆ. ಸಹಜ ಆವೃತ್ತಿಯ ಹತ್ತರಷ್ಟು ಆವೃತ್ತಿಯಲ್ಲಿ ಎಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅನುಪಾತವನ್ನು ೦.೫ಕ್ಕೆ ಏರಿಸಿದರೆ ಅನುರಣನೆಯ ವರ್ಧನವು ಕೇವಲ ೧.೪ ಪಟ್ಟು, ಆದರೆ ಮೇಲಿನ ಆವೃತ್ತಿಯ ರಕ್ಷಣೆ ಹತ್ತರಲ್ಲಿ ಒಂದಕ್ಕೆ ನಿಲ್ಲುತ್ತದೆ. ಒಂದು ಕೈಯಿಂದ ಪಡೆದುದನ್ನು ಇನ್ನೊಂದು ಕೈಯಿಂದ ಕಳೆದುಕೊಂಡಂತಾಯಿತು.

ರಬ್ಬರಿಗೆ ಅದರದೇ ಆದ ಸ್ವಭಾವವಿಶೇಷಗಳೂ ಉಂಟು. ಅದರ ಆಕಾರ ಸುಲಭವಾಗಿ ಬದಲಾದೀತೇ ಹೊರತು ಗಾತ್ರ ಬಹುಮಟ್ಟಿಗೆ ಬದಲಾಗದು. ಆದಕಾರಣ ಪಕ್ಕಕ್ಕೆ ಉಬ್ಬಲು ಎಡೆಯಿಲ್ಲದ ತೆಳುವಾದ ಅಗಲ ಹಾಳೆಯು, ಅದೇ ರಬ್ಬರಿನ ಗಿಡ್ಡ ಕಂಬಕ್ಕಿಂತ ಎಷ್ಟೋ ಬಿಗುವಾಗಿ ವರ್ತಿಸುತ್ತದೆ. ಇಂಗಾಲದ ಕಪ್ಪನ್ನು ಬೆರೆಸಿದ ರಬ್ಬರು ಅತ್ಯಲ್ಪ ಪಾರದ ಕಂಪನಕ್ಕೆ ಹೆಚ್ಚು ಬಿಗುವನ್ನೂ, ಪಾರ ಹೆಚ್ಚಿದಂತೆ ಕಡಮೆ ಬಿಗುವನ್ನೂ ತೋರುತ್ತದೆ. ೧೯೬೦ರ ದಶಕದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದ ಪೇನ್ ಎಂಬ ವಿಜ್ಞಾನಿಯ ಹೆಸರಿನಿಂದಲೇ ಈ ಪರಿಣಾಮವು ಪ್ರಸಿದ್ಧವಾಗಿದೆ. ಮಿಲಿಮೀಟರಿನಷ್ಟು ಒತ್ತಿ ಅಳೆದ ಬಿಗುವನ್ನು ನಂಬಿ, ನ್ಯಾನೊಮೀಟರಿನ ಕಂಪನಕ್ಕೆ ಪೀಠವನ್ನು ರಚಿಸಿದರೆ ಲೆಕ್ಕ ತಪ್ಪುವುದು ಇದರಿಂದಲೇ.

ಇಷ್ಟೆಲ್ಲ ಇದ್ದರೂ ಒಂದು ಗುಣದಲ್ಲಿ ರಬ್ಬರಿಗೆ ಸಾಟಿಯಿಲ್ಲ. ಸಹಜ ಆವೃತ್ತಿಗಿಂತ ಬಹಳ ಮೇಲಿರುವ ಕಂಪನಗಳನ್ನು, ವಿದ್ಯುತ್ತಿನ ನೆರವಾಗಲಿ ಯಾರ ಮೇಲ್ವಿಚಾರಣೆಯಾಗಲಿ ಇಲ್ಲದೆ, ಅದು ತಡೆಯುತ್ತಿರುತ್ತದೆ.

೨. ಪೀಡನವಿದ್ಯುತ್ ಚಾಲಕ

‘ಪೀಜೋ’ ಎಂಬುದು ಒತ್ತುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದಿದೆ. ಸ್ಫಟಿಕಶಿಲೆ, ಟೂರ್ಮಲೀನ್ ಮೊದಲಾದ ಹರಳುಗಳನ್ನು ತಕ್ಕ ದಿಕ್ಕಿನಲ್ಲಿ ಒತ್ತಿದರೆ ಅವುಗಳ ಮುಖಗಳ ಮೇಲೆ ವಿದ್ಯುದಂಶವು ತೋರುವುದೆಂದು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ೧೮೮೦ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಕೊಟ್ಟರೆ ಹರಳು ಹಿಗ್ಗಬೇಕು ಅಥವಾ ಕುಗ್ಗಬೇಕು ಎಂಬ ವಿಲೋಮಪರಿಣಾಮವನ್ನು ೧೮೮೧ರಲ್ಲಿ ಲಿಪ್‌ಮನ್ ಅವರು ಉಷ್ಣಗತಿಶಾಸ್ತ್ರದ ತತ್ತ್ವಗಳಿಂದ ಊಹಿಸಿದರು. ಅದೇ ವರ್ಷ ಕ್ಯೂರಿ ಸೋದರರು ಅದನ್ನು ಪ್ರಯೋಗದಿಂದ ಸ್ಥಿರಪಡಿಸಿದರು. ನಮಗೆ ಇಲ್ಲಿ ಬೇಕಾದುದು ಈ ವಿಲೋಮಪರಿಣಾಮವೇ.

ಈಗ ಬಳಕೆಯಲ್ಲಿರುವುದು ಸ್ಫಟಿಕಶಿಲೆಯಲ್ಲ. ೧೯೫೦ರ ದಶಕದಲ್ಲಿ ರೂಢಿಗೆ ಬಂದ ಲೆಡ್ ಜಿರ್ಕೊನೇಟ್ ಟೈಟನೇಟ್ ಎಂಬ ಪಿಂಗಾಣಿ. ಅದರ ಪರಿಣಾಮ ಸ್ಫಟಿಕಶಿಲೆಯದಕ್ಕಿಂತ ನೂರಾರು ಪಟ್ಟು ಹೆಚ್ಚು. ಹಾಗಿದ್ದರೂ ಒಂದು ಬಿಲ್ಲೆಯಿಂದ ದೊರೆಯುವ ಚಲನೆ ಅಲ್ಪವೇ. ಪ್ರತಿ ವೋಲ್ಟಿಗೆ ೫೦೦ ಪಿಕೊಮೀಟರ್ ಹಿಗ್ಗುವ ಬಿಲ್ಲೆಗೆ ೧೦೦ ವೋಲ್ಟ್ ಕೊಟ್ಟರೆ ೫೦ ನ್ಯಾನೊಮೀಟರ್ ಮಾತ್ರ ಹಿಗ್ಗುತ್ತದೆ. ಆದುದರಿಂದ ೦.೧ ಮಿಲಿಮೀಟರ್ ದಪ್ಪದ ೪೦೦ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ವಿದ್ಯುತ್ತನ್ನು ಎಲ್ಲಕ್ಕೂ ಸಮಾಂತರವಾಗಿ ಕೊಡುತ್ತಾರೆ. ಆಗ ೪೦ ಮಿಲಿಮೀಟರ್ ಎತ್ತರದ ಸ್ತಂಭವು ೨೦ ಮೈಕ್ರೋಮೀಟರ್ ಹಿಗ್ಗುತ್ತದೆ. ನೆಲದ ಚಲನೆ ಮೈಕ್ರೋಮೀಟರಿನ ಅಂಶವೆಂದು ಮೇಲೆ ಕಂಡೆವು. ಅದನ್ನು ಸರಿದೂಗಿಸಲು ಇಷ್ಟು ಧಾರಾಳವಾಗಿ ಸಾಕು.

ಈ ಸ್ತಂಭದ ಬಿಗುವಾದರೋ ಅಸಾಧಾರಣವಾದುದು. ಒಂದು ಸೆಂಟಿಮೀಟರ್ ಚದರದ ಅಡ್ಡಕೊಯ್ತವಿರುವ ನಮ್ಮ ಸ್ತಂಭವನ್ನು ಒಂದು ಮೈಕ್ರೋಮೀಟರ್ ಅದುಮಲು ಸುಮಾರು ೧೨೫ ನ್ಯೂಟನ್ ಬಲ ಬೇಕು. ಅದೇ ಅಳತೆಯ ಮೆದುರಬ್ಬರಿನ ತುಂಡು ಇದಕ್ಕಿಂತ ಇಪ್ಪತ್ತೈದು ಸಾವಿರ ಪಟ್ಟು ಮೆದು. ಹೀಗಿರಲು, ನೂರು ಕಿಲೋಗ್ರಾಮಿನ ಉಪಕರಣವನ್ನು ಇಂತಹ ನಾಲ್ಕು ಸ್ತಂಭಗಳ ಮೇಲೆ ನೇರವಾಗಿ ಇರಿಸಿದರೆ ಸಹಜ ಆವೃತ್ತಿ ೩೫೦ ಹರ್ಟ್ಸ್ ಮೀರುತ್ತದೆ. ಅದಕ್ಕಿಂತ ಕೆಳಗಿನ ಕಂಪನಗಳೆಲ್ಲವೂ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತವೆ. ನಡೆಸುವ ವಿದ್ಯುನ್ಮಂಡಲವು ಒಂದು ಕ್ಷಣ ಸುಮ್ಮನಾದರೂ ಸ್ತಂಭವು ಬರಿಯ ಕಲ್ಲಿನಂತೆಯೇ ಸರಿ. ಮೇಲಾಗಿ ಪಿಂಗಾಣಿಯು ಒತ್ತಡವನ್ನು ತಾಳುತ್ತದೆ, ಎಳೆತವನ್ನೂ ಪಕ್ಕದ ಬಾಗುವಿಕೆಯನ್ನೂ ತಾಳದು. ಆದಕಾರಣ ಸ್ಪ್ರಿಂಗಿನಿಂದ ಅದನ್ನು ಮೊದಲೇ ಬಿಗಿದು ಒತ್ತಿರಿಸಬೇಕಾಗುತ್ತದೆ.

೩. ಎರಡರ ಜೋಡಣೆ

ರಬ್ಬರು ಮೆದು, ಆದರೆ ನಿಧಾನಕಂಪನಗಳ ಮುಂದೆ ಅಸಹಾಯ. ಪಿಂಗಾಣಿ ಚುರುಕು, ಆದರೆ ತಾನಾಗಿ ಏನನ್ನೂ ತಡೆಯದು. ಎರಡನ್ನೂ ಸರಣಿಯಾಗಿ ಜೋಡಿಸಿದ ಪೀಠದಲ್ಲಿ ಕೆಳಗಿನಿಂದ ಮೇಲಕ್ಕೆ ಅಂಗಗಳ ಕ್ರಮ ಹೀಗಿರುತ್ತದೆ: ನೆಲ, ಅದರ ಮೇಲೆ ಪಿಂಗಾಣಿಯ ಸ್ತಂಭ, ಅದರ ಮೇಲೆ ಒಂದೆರಡು ಕಿಲೋಗ್ರಾಮಿನ ಲೋಹದ ತುಂಡು, ಆ ತುಂಡಿನ ಮೇಲೆ ರಬ್ಬರು, ರಬ್ಬರಿನ ಮೇಲೆ ಉಪಕರಣ. ನಡುವಣ ಲೋಹದ ತುಂಡನ್ನು ಮಧ್ಯಪಿಂಡವೆಂದು ಕರೆಯೋಣ. ಅದಕ್ಕೆ ಅಂಟಿಕೊಂಡಂತೆ ಜಿಯೋಫೋನ್ ಎಂಬ ಸಂವೇದಕವಿರುತ್ತದೆ.

ಜಿಯೋಫೋನಿನ ರಚನೆ ಸರಳ. ದುರ್ಬಲವಾದ ಸ್ಪ್ರಿಂಗಿನಿಂದ ತೂಗಿದ ತಂತಿಸುರುಳಿಯೊಂದು ಕಾಂತದ ನಡುವೆ ಇರುತ್ತದೆ. ಅದರ ಸಹಜ ಆವೃತ್ತಿಗಿಂತ ವೇಗವಾಗಿ ಪೆಟ್ಟಿಗೆಯು ಅಲುಗಿದಾಗ ಸುರುಳಿಯು ಜಡತ್ವದಿಂದ ಇದ್ದಲ್ಲಿಯೇ ನಿಲ್ಲುತ್ತದೆ. ಅತ್ತ ನೆಲಕ್ಕೂ ಸೇರದೆ ಇತ್ತ ಉಪಕರಣಕ್ಕೂ ಸೇರದೆ ತ್ರಿಶಂಕುವಿನಂತೆ ನಡುವೆ ನಿಂತ ಈ ಸುರುಳಿಯೇ ನಮಗೆ ನಿಜವಾದ ‘ಅಚಲ’. ಅದಕ್ಕೆ ಹೋಲಿಸಿ ಪೆಟ್ಟಿಗೆಯ ವೇಗವನ್ನು ವಿದ್ಯುತ್ಸಂಕೇತವಾಗಿ ಪಡೆಯುತ್ತೇವೆ. ಅವಮಂದಕವನ್ನು ಕಂಪಿಸುವ ನೆಲಕ್ಕೆ ಬದಲಾಗಿ ಆಕಾಶಕ್ಕೆ ಕಟ್ಟಿದಂತೆ ವರ್ತಿಸುವಂತೆ ಮಾಡಬಹುದೆಂಬ ಕಲ್ಪನೆಯನ್ನು ಕಾರ್ನಾಪ್ ಮತ್ತು ಅವರ ಸಹೋದ್ಯೋಗಿಗಳು ೧೯೭೪ರಲ್ಲಿ ಪ್ರತಿಪಾದಿಸಿದ್ದರು. ಜಡತ್ವವನ್ನು ಆಧಾರವಾಗಿಟ್ಟುಕೊಂಡ ಇಂತಹ ಸಂವೇದಕಗಳಿಂದಲೇ ಅಂತಹ ಕಲ್ಪನೆ ಕಾರ್ಯಸಾಧ್ಯವಾಗುವುದು.

ಜಿಯೋಫೋನಿನ ಸಂಕೇತವನ್ನು ಸಂಸ್ಕರಿಸಿ, ವರ್ಧಿಸಿ, ವಿರುದ್ಧ ಚಿಹ್ನೆಯಿಂದ ಸ್ತಂಭಕ್ಕೆ ಹಿಂದಿರುಗಿಸುತ್ತಾರೆ, ಇದೇ ಫೀಡ್‌ಬ್ಯಾಕ್. ನೆಲವು ಮೇಲೆದ್ದರೆ ಸ್ತಂಭವು ಅಷ್ಟು ಕುಗ್ಗುತ್ತದೆ, ನೆಲವು ತಗ್ಗಿದರೆ ಹಿಗ್ಗುತ್ತದೆ. ಈ ಕುಣಿಕೆಯ ವರ್ಧನಾಂಕ ೯ ಆಗಿದ್ದರೆ ಮಧ್ಯಪಿಂಡದ ಚಲನೆಯು ನೆಲದ ಚಲನೆಯನ್ನು ೧ + ೯ರಿಂದ, ಎಂದರೆ ೧೦ರಿಂದ, ಭಾಗಿಸಿದಷ್ಟಾಗುತ್ತದೆ. ಇಲ್ಲಿ ಒಂದು ಅನುಕೂಲವನ್ನು ಗಮನಿಸಬೇಕು. ಪೀಡನವಿದ್ಯುತ್ ಪಿಂಗಾಣಿಯಲ್ಲಿ ವೋಲ್ಟೇಜು ಏರುವಾಗಿನ ಉದ್ದಕ್ಕೂ ಇಳಿಯುವಾಗಿನ ಉದ್ದಕ್ಕೂ ಶೇಕಡ ಹತ್ತು ಹದಿನೈದರಷ್ಟು ವ್ಯತ್ಯಾಸವಿರುವುದುಂಟು. ಆದರೆ ನಾವು ನಂಬುವುದು ವೋಲ್ಟೇಜನ್ನಲ್ಲ, ಅಳೆದ ಚಲನೆಯನ್ನು. ಆದುದರಿಂದ ಈ ದೋಷವನ್ನು ಕುಣಿಕೆಯೇ ಬಹುಮಟ್ಟಿಗೆ ತಿದ್ದಿಕೊಳ್ಳುತ್ತದೆ.

ಸಂವೇದಕವನ್ನು ಉಪಕರಣದ ಮೇಲೆಯೇ ಇಡಬಾರದೇಕೆ ಎಂದು ಓದುಗರು ಕೇಳಬಹುದು. ನಿಶ್ಚಲವಾಗಬೇಕಾದುದು ಉಪಕರಣವೇ ಅಲ್ಲವೆ? ಈ ಪ್ರಶ್ನೆಯ ಉತ್ತರದಲ್ಲಿಯೇ ರಬ್ಬರಿನ ನಿಜವಾದ ಪಾತ್ರ ಅಡಗಿದೆ. ಉಪಕರಣಕ್ಕೆ ತನ್ನದೇ ಆದ ನೂರು ಅನುರಣನೆಗಳಿರುತ್ತವೆ: ಅದರ ಕಂಬಕ್ಕೊಂದು, ಮೇಜಿಗೊಂದು, ಪಕ್ಕಕ್ಕೆ ಚಾಚಿದ ಪ್ರತಿಯೊಂದು ಭಾಗಕ್ಕೂ ಒಂದೊಂದು. ಪ್ರತಿ ಅನುರಣನೆಯಲ್ಲಿಯೂ ಸಂಕೇತವು ಹಿಂದುಳಿಯುತ್ತದೆ. ತಡೆಯಲೆಂದು ಕೊಟ್ಟ ತಳ್ಳು ತಡವಾಗಿ ಬಂದರೆ, ಉಯ್ಯಾಲೆಯನ್ನು ಹೊತ್ತರಿತು ತಳ್ಳಿದಂತೆ, ಕಂಪನವನ್ನು ಹೆಚ್ಚಿಸುತ್ತದೆ; ಪೀಠವು ತಾನಾಗಿಯೇ ಊಳಿಡಲಾರಂಭಿಸುತ್ತದೆ. ಮಧ್ಯಪಿಂಡದ ಮೇಲೆ ಸಂವೇದಕವನ್ನಿಟ್ಟು, ಉಪಕರಣವನ್ನು ರಬ್ಬರಿನಿಂದ ಬೇರ್ಪಡಿಸಿದರೆ ಈ ಅನುರಣನೆಗಳು ಕುಣಿಕೆಗೆ ಕೇಳಿಸುವುದೇ ಇಲ್ಲವೆನ್ನಬಹುದು. ನಮ್ಮ ಉದಾಹರಣೆಯಲ್ಲಿ ನಾಲ್ಕು ಪೀಠಗಳ ರಬ್ಬರು ನೂರು ಕಿಲೋಗ್ರಾಮಿಗೆ ೧೫ ಹರ್ಟ್ಸ್ ಸಹಜ ಆವೃತ್ತಿಯನ್ನು ಕೊಡುವಂತಿದ್ದರೆ, ಪ್ರತಿಯೊಂದರಲ್ಲಿಯೂ ರಬ್ಬರಿಗಿಂತ ಸ್ತಂಭವು ಐನೂರು ಪಟ್ಟಿಗೂ ಹೆಚ್ಚು ಬಿಗುವಾಗಿರುತ್ತದೆ. ಮೇಲಿನ ಉಪಕರಣ ಬದಲಾದರೂ ಕುಣಿಕೆಗೆ ಅದರ ಅರಿವಾಗದು. ಎರಡು ಕಿಲೋಗ್ರಾಮಿನ ಮಧ್ಯಪಿಂಡವು ಸ್ತಂಭದ ಮೇಲೆ ಅನುರಣಿಸುವುದು ೧೨೫೦ ಹರ್ಟ್ಸ್ ಸುಮಾರಿನಲ್ಲಿ. ನಾವು ತಡೆಯಬೇಕಾದ ಆವೃತ್ತಿಗಳಿಂದ ಅದು ಬಹುದೂರ. ಹೀಗೆ ರಬ್ಬರು ಕೇವಲ ಕಂಪನವನ್ನು ತಡೆಯುವುದಿಲ್ಲ, ಫೀಡ್‌ಬ್ಯಾಕ್ ಸ್ಥಿರವಾಗಿರುವಂತೆಯೂ ಕಾಯುತ್ತದೆ.

ಸರಣಿಯ ಜೋಡಣೆಯಲ್ಲಿ ಎರಡು ರಕ್ಷಣೆಗಳು ಒಂದನ್ನೊಂದು ಗುಣಿಸುತ್ತವೆ. ರಬ್ಬರಿನ ಅವಮಂದನದ ಅನುಪಾತ ೦.೦೫ ಎಂದಿಟ್ಟುಕೊಳ್ಳೋಣ. ಐದು ಹರ್ಟ್ಸ್‌ನಲ್ಲಿ ರಬ್ಬರಿನಿಂದ ಲಾಭವಿಲ್ಲ, ಚಲನೆಯು ೧.೧ ಪಟ್ಟಾಗುತ್ತದೆ, ಕುಣಿಕೆಯು ಅದನ್ನು ಹತ್ತನೆಯ ಒಂದಕ್ಕೆ ಇಳಿಸುತ್ತದೆ. ಹದಿನೈದು ಹರ್ಟ್ಸ್‌ನಲ್ಲಿ ರಬ್ಬರು ಚಲನೆಯನ್ನು ಹತ್ತು ಪಟ್ಟು ಮಾಡುತ್ತದೆ. ಕುಣಿಕೆಯು ಹತ್ತರಿಂದ ಭಾಗಿಸಿ ಸರಿದೂಗಿಸುತ್ತದೆ. ಅರುವತ್ತು ಹರ್ಟ್ಸ್‌ನಲ್ಲಿ ಕುಣಿಕೆಯ ವರ್ಧನಾಂಕವು ೨ಕ್ಕೆ ಇಳಿದಿದ್ದರೆ ಅದರ ಪಾಲು ಮೂರರಲ್ಲೊಂದು, ರಬ್ಬರಿನ ಪಾಲು ಹದಿನಾಲ್ಕರಲ್ಲೊಂದು, ಒಟ್ಟು ನಲವತ್ತೆರಡರಲ್ಲೊಂದು. ಮುನ್ನೂರು ಹರ್ಟ್ಸ್‌ನಲ್ಲಿ ಕುಣಿಕೆ ನಿದ್ರಿಸುತ್ತಿರುತ್ತದೆ. ರಬ್ಬರೊಂದೇ ನೂರೆಪ್ಪತ್ತರಲ್ಲೊಂದಕ್ಕಿಂತಲೂ ಕೆಳಗಿಳಿಸುತ್ತದೆ. ಇಷ್ಟಾದರೂ ಉಪಕರಣವು ತಗ್ಗಿರುವುದು ಒಂದು ಮಿಲಿಮೀಟರಿಗೆ ತುಸು ಹೆಚ್ಚು ಮಾತ್ರ. ೧ ಹರ್ಟ್ಸ್ ಸಹಜ ಆವೃತ್ತಿಯ ಮೆದು ಆಧಾರಕ್ಕಿಂತ ಇದು ೨೨೫ ಪಟ್ಟು ಬಿಗುವಾದುದು. ಆದಕಾರಣ ಉಪಕರಣದೊಳಗಿನ ಭಾಗವೊಂದು ಸರಿದಾಗಲೂ ಅದು ತೂಗಾಡದು.

೪. ಫೀಡ್‌ಬ್ಯಾಕಿನ ಎಲ್ಲೆಗಳು

ಫೀಡ್‌ಬ್ಯಾಕನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸಬಾರದು. ಅದರ ಎಲ್ಲೆಗಳಲ್ಲಿ ಮೂರನ್ನು ಮುಖ್ಯವಾಗಿ ಹೇಳಬಹುದು.

ಮೊದಲನೆಯದು ಸಂವೇದಕದ ಎಲ್ಲೆ. ತನ್ನ ಸಹಜ ಆವೃತ್ತಿಯ ಕೆಳಗೆ ಜಿಯೋಫೋನಿನ ಸುರುಳಿಯೂ ಪೆಟ್ಟಿಗೆಯೊಡನೆಯೇ ಚಲಿಸುತ್ತದೆ; ಸಂಕೇತವು ಕ್ಷೀಣಿಸಿ ಗದ್ದಲದಲ್ಲಿ ಮುಳುಗುತ್ತದೆ. ಅಡ್ಡದಿಕ್ಕಿನ ಸಂವೇದಕಕ್ಕೆ ಇನ್ನೂ ಒಂದು ಭ್ರಮೆಯುಂಟು. ನೆಲವು ವಾಲಿದಾಗ ಗುರುತ್ವದ ಒಂದಂಶವು ಅಡ್ಡಲಾಗಿ ಸೆಳೆಯುತ್ತದೆ; ಇದನ್ನು ನಿಜವಾದ ವೇಗೋತ್ಕರ್ಷದಿಂದ ಬೇರ್ಪಡಿಸಿ ತಿಳಿಯಲು ಆ ಸಂವೇದಕದಿಂದಾಗದು. ಒಂದು ರೇಡಿಯನ್ನಿನ ಕೋಟಿಯಲ್ಲೊಂದು ಪಾಲಿನಷ್ಟು ವಾಲುವಿಕೆಯು ಹತ್ತು ಹರ್ಟ್ಸ್‌ನಲ್ಲಿ ಕಾಲು ನ್ಯಾನೊಮೀಟರ್ ಸರಿತದಂತೆ ತೋರಿದರೆ, ೦.೧ ಹರ್ಟ್ಸ್‌ನಲ್ಲಿ ಎರಡೂವರೆ ಮೈಕ್ರೋಮೀಟರ್ ಸರಿತದಂತೆ ತೋರುತ್ತದೆ: ಹತ್ತುಸಾವಿರ ಪಟ್ಟು ಸುಳ್ಳು! ಸಕ್ರಿಯ ಪೀಠಗಳು ಒಂದು ಹರ್ಟ್ಸ್‌ನ ಆಸುಪಾಸಿನಿಂದ ಕೆಳಗೆ ಸಾಮಾನ್ಯವಾಗಿ ಕೈಚೆಲ್ಲುವುದಕ್ಕೆ ಕಾರಣ ಇವೇ.

ಎರಡನೆಯದು ಕುಣಿಕೆಯ ಎಲ್ಲೆ. ಒಂದು ಆವೃತ್ತಿಯಲ್ಲಿ ಕಂಪನವನ್ನು ತಗ್ಗಿಸಿದರೆ ಬೇರೊಂದೆಡೆ ಅದು ಸ್ವಲ್ಪವಾದರೂ ಹೆಚ್ಚುತ್ತದೆಂಬುದು ಬೋಡೆ ಅವರ ೧೯೪೫ರ ಗ್ರಂಥದಿಂದ ಪ್ರಸಿದ್ಧವಾದ ಗಣಿತದ ಫಲ. ನೀರು ತುಂಬಿದ ಚರ್ಮದ ಚೀಲವನ್ನು ಒಂದೆಡೆ ಅದುಮಿದರೆ ಇನ್ನೊಂದೆಡೆ ಉಬ್ಬುವಂತೆ ಇದು. ಆ ಉಬ್ಬನ್ನು ರಬ್ಬರು ಚೆನ್ನಾಗಿ ತಡೆಯುವ ಆವೃತ್ತಿಗಳ ಕಡೆಗೆ ಸರಿಸುವುದೇ ರಚನಾಕಾರನ ಜಾಣ್ಮೆ.

ಮೂರನೆಯದು ನೆಲದ ಎಲ್ಲೆ. ಸ್ತಂಭವು ಮೇಲಕ್ಕೆ ತಳ್ಳುವಾಗ ನೆಲವನ್ನೂ ಕೆಳಕ್ಕೆ ಅಷ್ಟೇ ಬಲದಿಂದ ತಳ್ಳುತ್ತದೆ. ನೆಲವು ಬಿಗುವಾಗಿದ್ದರೆ ಚಿಂತೆಯಿಲ್ಲ. ಆದರೆ ಬಾಗುವ ಚಪ್ಪಡಿಯ ಮೇಲಾಗಲಿ ದುರ್ಬಲ ಮೇಜಿನ ಮೇಲಾಗಲಿ ಇಂತಹ ಪೀಠವನ್ನಿಟ್ಟರೆ, ಆಧಾರದ ಅನುರಣನೆಯು ಕುಣಿಕೆಯೊಳಕ್ಕೆ ನುಸುಳಿ ಅದನ್ನು ಅಸ್ಥಿರಗೊಳಿಸಬಹುದು. ಬೆಲೆಬಾಳುವ ಸಕ್ರಿಯ ಪೀಠವು ಕೆಟ್ಟ ಸ್ಥಳದ ದೋಷವನ್ನೆಲ್ಲ ನುಂಗಿಕೊಳ್ಳುವುದೆಂಬ ನಂಬಿಕೆ ಸರಿಯಲ್ಲ.

೫. ಲಿವಿಂಗ್‌ಸ್ಟನ್ನಿನ ಪಾಠ

ಸಕ್ರಿಯ ಮತ್ತು ನಿಷ್ಕ್ರಿಯ ವಿಧಾನಗಳ ಈ ಹಂಚಿಕೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾದುದು ಅಮೆರಿಕದ ಲೂಯಿಸಿಯಾನ ರಾಜ್ಯದ ಲಿವಿಂಗ್‌ಸ್ಟನ್ನಿನಲ್ಲಿ. ಅಲ್ಲಿ ಗುರುತ್ವತರಂಗಗಳನ್ನು ಅರಸುವ ಲೈಗೋ ವೀಕ್ಷಣಾಲಯದ ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳು ಕಾಡಿನ ನಡುವೆ ಚಾಚಿವೆ. ಆರಂಭದ ವರ್ಷಗಳಲ್ಲಿ ಕನ್ನಡಿಗಳ ರಕ್ಷಣೆಗೆ ಇದ್ದುದು ಭಾರವಾದ ಲೋಹದ ಪದರಗಳನ್ನೂ ಸ್ಪ್ರಿಂಗುಗಳನ್ನೂ ಪೇರಿಸಿದ ನಿಷ್ಕ್ರಿಯ ವ್ಯವಸ್ಥೆ. ಸುತ್ತಲಿನ ಕಾಡಿನಲ್ಲಿ ಮರ ಕಡಿಯುವ ಕೆಲಸ ನಡೆದಾಗಲೂ ಹತ್ತಿರದಲ್ಲಿ ರೈಲು ಹೋದಾಗಲೂ ಒಂದರಿಂದ ಮೂರು ಹರ್ಟ್ಸ್‌ನ ಕಂಪನಗಳೆದ್ದು, ಹಗಲಿನಲ್ಲಿ ಉಪಕರಣವನ್ನು ನಡೆಸುವುದೇ ದುಸ್ಸಾಧ್ಯವಾಗುತ್ತಿತ್ತು. ವೇಗದ ಕಂಪನಗಳನ್ನು ಚೆನ್ನಾಗಿ ತಡೆಯುತ್ತಿದ್ದ ಪದರಗಳು ಈ ನಿಧಾನಕಂಪನಗಳನ್ನು ತಮ್ಮ ಅನುರಣನೆಯಿಂದ ಹೆಚ್ಚಿಸುತ್ತಿದ್ದುವು. ೨೦೦೪ರಲ್ಲಿ ಹೊರಗಿನಿಂದ ಸಕ್ರಿಯ ಪೀಠಗಳನ್ನು ಅಳವಡಿಸಲಾಯಿತು. ಹೆಚ್ಚು ಚಲನೆ ಬೇಕಾದುದರಿಂದ ಅಲ್ಲಿನ ಚಾಲಕಗಳು ದ್ರವದ ಒತ್ತಡದಿಂದ ನಡೆಯುವುವು. ತತ್ತ್ವ ಮಾತ್ರ ಇಲ್ಲಿ ವಿವರಿಸಿದುದೇ. ಆ ಬಳಿಕ ಹಗಲಿನಲ್ಲಿಯೂ ವೀಕ್ಷಣೆ ಸಾಧ್ಯವಾಯಿತು. ಮುಂದೆ ಇನ್ನೂ ಸುಧಾರಿಸಿದ ವ್ಯವಸ್ಥೆಯೊಡನೆ, ೨೦೧೫ರ ಸೆಪ್ಟೆಂಬರ್ ೧೪ರಂದು, ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ಗಳ ಉಪಕರಣಗಳೆರಡೂ ಗುರುತ್ವತರಂಗವನ್ನು ಮೊತ್ತಮೊದಲು ಗುರುತಿಸಿದುವು. ಇದೇ ಬಗೆಯ ವೀಕ್ಷಣಾಲಯವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ೨೦೨೩ರಲ್ಲಿ ಕೇಂದ್ರ ಸರ್ಕಾರದ ಮಂಜೂರಾತಿ ದೊರೆತಿದೆ. ನಮ್ಮ ವಿದ್ಯಾರ್ಥಿಗಳಿಗೆ ಈ ವಿಷಯವು ಇನ್ನು ಮುಂದೆ ದೂರದ ಮಾತಾಗಿ ಉಳಿಯದು.

೬. ಕಾಲೇಜಿನಲ್ಲಿ ಮಾಡಬಹುದಾದ ಪರೀಕ್ಷೆ

ಸಕ್ರಿಯ ಪೀಠವು ಎಲ್ಲ ಕಾಲೇಜುಗಳಿಗೂ ಎಟುಕುವಂತಹುದಲ್ಲ. ಆದರೆ ಅದರ ಅರ್ಧಭಾಗವಾದ ರಬ್ಬರನ್ನು ಯಾವ ಪ್ರಯೋಗಶಾಲೆಯಲ್ಲಿಯೂ ಪರೀಕ್ಷಿಸಬಹುದು. ಕೆಲವು ರಬ್ಬರುಬಳೆಗಳಿಂದ ತೂಕವೊಂದನ್ನು ತೂಗಹಾಕಿ, ಅದಕ್ಕೆ ಸಣ್ಣ ತೂಕವನ್ನು ಸೇರಿಸಿ, ಕೆಲವು ನಿಮಿಷ ಕಾದು, ಎಷ್ಟು ಜಗ್ಗಿತೆಂದು ಅಳೆಯಬೇಕು. ಇದರಿಂದ ಬಿಗುವನ್ನೂ ಆಂದೋಲನದ ಆವೃತ್ತಿಯನ್ನೂ ಲೆಕ್ಕಹಾಕಬೇಕು. ಬಳಿಕ ತೂಕವನ್ನು ತುಸು ಎಳೆದು ಬಿಟ್ಟು, ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ನೋಡಬೇಕು. ನಿಜವಾದ ಆವೃತ್ತಿಯು ಲೆಕ್ಕದ ಆವೃತ್ತಿಗಿಂತ ಹೆಚ್ಚಾಗಿ ಬರುವುದನ್ನು ವಿದ್ಯಾರ್ಥಿಗಳು ಕಾಣುವರು. ಇದು ಪ್ರಯೋಗದ ತಪ್ಪಲ್ಲ. ನಿಧಾನವಾಗಿ ಎಳೆದಾಗ ಜಗ್ಗಲು ಅವಕಾಶ ಪಡೆಯುವ ರಬ್ಬರು, ವೇಗವಾಗಿ ಎಳೆದಾಗ ಹೆಚ್ಚು ಬಿಗುವಾಗುತ್ತದೆ. ಲೋಹದ ಸ್ಪ್ರಿಂಗಿನೊಡನೆ ಇದೇ ಪರೀಕ್ಷೆಯನ್ನು ಮಾಡಿ ಎರಡನ್ನೂ ಹೋಲಿಸಿದರೆ ವಿಷಯವು ಮನದಟ್ಟಾಗುತ್ತದೆ.

ಸೂಕ್ಷ್ಮ ಉಪಕರಣವನ್ನು ಕೊಳ್ಳುವ ವಿಭಾಗಗಳಿಗೆ ಒಂದು ಮಾತು. ಮೊದಲು ನೆಲದ ಕಂಪನವನ್ನು ಅಳೆಯಿಸಬೇಕು. ಅದರ ಆವೃತ್ತಿ ಯಾವುದು, ಮೂಲ ಯಾವುದು ಎಂದು ತಿಳಿಯಬೇಕು. ಮೂಲವು ಪಕ್ಕದ ಕೋಣೆಯ ಪಂಪಾಗಿದ್ದರೆ ಅದನ್ನು ಸರಿಸುವುದು, ಇಲ್ಲವೆ ಅದರಡಿಗೆ ರಬ್ಬರನ್ನು ಇಡುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಐವತ್ತು ಹರ್ಟ್ಸ್‌ಗೆ ಮೇಲ್ಪಟ್ಟ ಕಂಪನಕ್ಕೆ ರಬ್ಬರೊಂದೇ ಸಾಕಾದೀತು. ಒಂದೆರಡರಿಂದ ಇಪ್ಪತ್ತು ಹರ್ಟ್ಸ್‌ವರೆಗಿನ ಕಂಪನವು ಮಿಕ್ಕರೆ ಆಗ ಸಕ್ರಿಯ ಪೀಠವನ್ನು ಯೋಚಿಸಬೇಕು. ಅದನ್ನೂ ಗಟ್ಟಿಯಾದ ನೆಲದ ಮೇಲೆಯೇ ಇರಿಸಬೇಕು. ರಬ್ಬರು ಮಾಡಬಲ್ಲ ಕೆಲಸವನ್ನು ರಬ್ಬರಿಗೆ ಬಿಟ್ಟು, ಅದು ಮಾಡಲಾರದುದನ್ನು ಮಾತ್ರ ಪಿಂಗಾಣಿಗೆ ಒಪ್ಪಿಸುವುದು ಈ ಪೀಠಗಳ ತತ್ತ್ವ. ಅವುಗಳನ್ನು ಬಳಸುವವರಿಗೂ ಅದೇ ಸೂತ್ರ.